ಏಳನೆಯ ಅಂಕಿ

ಹುಮನಾಬಾದ್ ಬಸ್ ನಿಲ್ದಾಣದ ಎದುರಿನ ಸಾಲಿನಲ್ಲಿ ಮೊಬೈಲ್ ರಿಪೇರಿಯವರಿಗೇನೂ ಬರವಿಲ್ಲ. ಗಾಜು ಒಡೆದರೆ ಹಾಕಿಕೊಡುವವರು, ಬ್ಯಾಟರಿ ಉಬ್ಬಿದರೆ ಬದಲಿಸುವವರು ಹತ್ತು ಹೆಜ್ಜೆಗೊಬ್ಬರು ಸಿಗುತ್ತಾರೆ. ಅವರೆಲ್ಲ "ಇದು ಆಗಂಗಿಲ್ಲ, ಹೊಸಾದು ತಗೋರಿ" ಎಂದು ಕೈಚೆಲ್ಲಿದ ಮೇಲೆ ಜನ ಹೋಗುತ್ತಿದ್ದ ಅಂಗಡಿ ಒಂದೇ, ದುಬಲಗುಂಡಿಯ ಸಂಘರತ್ನನದು. ಅಂಗಡಿ ಎನ್ನುವುದೂ ದೊಡ್ಡ ಮಾತಾಯಿತು. ಗಿರಾಕಿ ಒಳಗೆ ಬಂದರೆ ಮಾಲಕ ಹೊರಗೆ ನಿಲ್ಲಬೇಕು, ಅಷ್ಟಗಲದ ಜಾಗ. ಆದರೆ ಅಲ್ಲಿ ಕೂತು ಅವನು ಮಾಡುತ್ತಿದ್ದ ಕೆಲಸ ಸುತ್ತಲಿನ ನಾಲ್ಕು ತಾಲೂಕಿನಲ್ಲಿ ಇನ್ನೊಬ್ಬರಿಗೆ ಬರುತ್ತಿರಲಿಲ್ಲ.

ಮೂವತ್ತೆರಡು ವರ್ಷದ ಸಣಕಲು ಆಳು. ಮನುಷ್ಯರೊಡನೆ ಮಾತು ಕಡಿಮೆ. ಪಿಯುಸಿ ಮುಗಿಸಿ ಬಸವಕಲ್ಯಾಣಕ್ಕೆ ಹೋಗಿ ಸಿರಾಜುದ್ದೀನ್ ಉಸ್ತಾದರ ಅಂಗಡಿಯಲ್ಲಿ ಆರು ವರ್ಷ ಕೈ ಪಳಗಿಸಿಕೊಂಡಿದ್ದ. ಉಸ್ತಾದರು ಮೊದಲ ದಿನವೇ ಹೇಳಿದ್ದರಂತೆ: "ಬೇಟಾ, ಫೋನ್ ಗೂಂಗಾ ಅಲ್ಲ. ಅದು ದಿನಪೂರ್ತಿ ಮಾತಾಡತದ. ನಮಗ ಅದರ ಜಬಾನ್ ಬರಂಗಿಲ್ಲ, ಅಷ್ಟ." ಸಂಘರತ್ನ ಆ ಮಾತನ್ನು ಗಂಟು ಹಾಕಿಕೊಂಡ. ಒಂದು ಫೋನು ತನ್ನ ಚಾರ್ಜರಿನೊಡನೆ, ಬ್ಯಾಟರಿಯೊಡನೆ, ಕಂಪ್ಯೂಟರಿನೊಡನೆ ಏನು ಮಾತಾಡುತ್ತದೆ ಎಂದು ಎರಡು ಸಣ್ಣ ತಂತಿ ಹಚ್ಚಿ ಕೇಳುವುದು, ಕೇಳಿದ್ದನ್ನು ನೋಟ್‌ಬುಕ್ಕಿನಲ್ಲಿ ಅಂಕಿ ಅಂಕಿಯಾಗಿ ಬರೆಯುವುದು, ಯಾವ ಅಂಕಿಗೆ ಯಾವ ಅರ್ಥ ಎಂದು ತಲೆ ಕೆಡಿಸಿಕೊಳ್ಳುವುದು, ಇದೇ ಅವನ ಹುಚ್ಚು. ಈ ಭಾಷೆಗಳನ್ನೆಲ್ಲ ಕಂಪನಿಯವರು ಗುಟ್ಟಾಗಿ ಇಡುತ್ತಾರೆ. ಪುಸ್ತಕವಿಲ್ಲ, ಕಲಿಸುವವರಿಲ್ಲ. ಕದ್ದು ಕೇಳಿಯೇ ಕಲಿಯಬೇಕು.

ಕಂಪನಿಯ ಬೀಗ ಕಂಡರೆ ಅವನ ಮೈ ಉರಿಯುತ್ತಿತ್ತು. ಹೊರಗಿನ ಬ್ಯಾಟರಿ ಹಾಕಿದರೆ "ಇದು ನಮ್ಮದಲ್ಲ" ಎಂದು ಮುಖ ತಿರುಗಿಸುವ ಫೋನುಗಳು, ಯಾವ ಸ್ಕ್ರೂಡ್ರೈವರಿಗೂ ಬಗ್ಗದ ವಿಚಿತ್ರ ತಲೆಯ ಸ್ಕ್ರೂಗಳು, ಬಿಚ್ಚಿದರೆ ಗೊತ್ತಾಗಲೆಂದು ಒಳಗೆ ಅಂಟಿಸಿದ ಚೀಟಿಗಳು. ಇವೆಲ್ಲ ತನ್ನಂಥವನನ್ನು ಹೊರಗಿಡಲಿಕ್ಕೇ ಹುಟ್ಟಿದವು ಎಂದು ಅವನ ನಂಬಿಕೆ. ನಂಬಿಕೆ ಸುಳ್ಳೇನಲ್ಲ ಬಿಡಿ, ನೂರಕ್ಕೆ ತೊಂಬತ್ತು ಸಲ ಅದು ಖರೆಯೇ. ಮತ್ತೆ ಹೊರಗಿಡುವುದೆಂದರೇನು ಎಂದು ಅವನಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ತಾಯಿ ದ್ರೌಪತಿ ಇಪ್ಪತ್ತೈದು ವರ್ಷದಿಂದ ಬಸವಣಪ್ಪನವರ ಹೊಲದಲ್ಲಿ ಕಳೆ ತೆಗೆಯುತ್ತಿದ್ದಳು. ಚಿಕ್ಕವನಿದ್ದಾಗ ಅವಳ ಬೆನ್ನಿಗೆ ಹೋದರೆ ಹೊಲದಂಚಿನ ಬಾಂದಿನ ಮೇಲೆ ಕೂಡಬೇಕು, ನೀರು ಬೇಕಾದರೆ ಬೊಗಸೆ ಒಡ್ಡಬೇಕು. ತಾಯಿ ಇವತ್ತಿಗೂ ಬಸವಣಪ್ಪನನ್ನು "ಸಾವ್ಕಾರ್ರ" ಎನ್ನುತ್ತಾಳೆ. ಮಗ ಹಟ ಹಿಡಿದು "ಕಾಕಾ" ಎನ್ನುತ್ತಾನೆ.

ಈ ಬಸವಣಪ್ಪನೇ ಒಂದು ದಿನ ತನ್ನ ತಮ್ಮ ಗುರುನಾಥನನ್ನು ಕರೆದುಕೊಂಡು ಅಂಗಡಿಗೆ ಬಂದ.

"ನಮ್ಮ ಡಬ್ಬಿ ಸತ್ತದ ಸಂಘ್ಯಾ. ಜೀವ ತುಂಬ್ತಿಯೇನು?"

ಡಬ್ಬಿ ಎಂದರೆ ಮೊಬೈಲ್ ಸ್ಟಾರ್ಟರ್. ಹೊಲದ ಸಂಬಂಧವಿಲ್ಲದವರಿಗೆ ಇದನ್ನೊಂದಿಷ್ಟು ಬಿಡಿಸಿ ಹೇಳಬೇಕು. ಬೋರಿನ ಮೋಟಾರಿಗೆ ಬೇಕಾದ ತ್ರೀ ಫೇಸ್ ಕರೆಂಟು ಹೇಳಿ ಕೇಳಿ ಬರುವ ಅತಿಥಿಯಲ್ಲ. ಬಂದಾಗ ಹೊಲಕ್ಕೆ ಓಡಬೇಕು, ಗುಂಡಿ ಒತ್ತಬೇಕು. ಈ ಓಡಾಟ ತಪ್ಪಿಸಲು ಒಂದು ಕಂಪನಿ ಕಬ್ಬಿಣದ ಡಬ್ಬಿಯೊಳಗೆ ಸಿಮ್ ಹಾಕಿ ಮಾರಿತು. ಕರೆಂಟು ಬಂದರೆ ಡಬ್ಬಿ ನಿಮ್ಮ ಫೋನಿಗೆ ಸುದ್ದಿ ಕಳಿಸುತ್ತದೆ, ನೀವು ಚಹಾ ಕುಡಿಯುತ್ತಲೇ ಆ್ಯಪ್ ತೆರೆದು ಒತ್ತಿದರೆ ಮೋಟಾರು ಶುರು. ಆರು ವರ್ಷ ಚೆನ್ನಾಗಿ ನಡೆಯಿತು. ಆಮೇಲೆ ಕಂಪನಿ ಬಾಗಿಲು ಹಾಕಿಕೊಂಡಿತು, ಆ್ಯಪ್ ತೆರೆಯುವುದೇ ನಿಂತಿತು. ದುಬಲಗುಂಡಿ, ಕೊಡಂಬಲ, ಗೋರ್ಟಾ ಕಡೆಯ ಹೊಲಗಳಲ್ಲಿ ಡಬ್ಬಿಗಳು ಗೋಡೆಗೆ ನೇತುಬಿದ್ದು ಉಳಿದವು.

"ನೋಡ್ತೀನಿ ಕಾಕಾ" ಎಂದ ಸಂಘರತ್ನ. ಅವನ ಕಣ್ಣು ಆಗಲೇ ಬೇರೆ ಕಡೆ ನೋಡುತ್ತಿತ್ತು. ಇಂಥ ಕೆಲಸ ಕೊಟ್ಟವರಿಗೆ ಅವನೇ ಕಾಲಿಗೆ ಬೀಳುವವ!

ಹಳೆಯ ಡಬ್ಬಿಯೊಂದನ್ನು ಗುಜರಿಯಿಂದ ತಂದ. ಆದರೆ ಅದರೊಡನೆ ಮಾತಾಡಲು ಜೀವಂತ ಆ್ಯಪ್ ಬೇಕಲ್ಲ? ಬಸವಕಲ್ಯಾಣಕ್ಕೆ ಹೋಗಿ ಉಸ್ತಾದರ ಡ್ರಾಯರನ್ನೆಲ್ಲ ತಡಕಾಡಿದ. ಯಾರೋ ಗಿರಾಕಿ ಬಿಟ್ಟುಹೋದ ಒಂದು ಫೋನಿನಲ್ಲಿ, ಎರಡು ವರ್ಷದಿಂದ ಇಂಟರ್ನೆಟ್ ಮುಟ್ಟದ ಕಾರಣಕ್ಕೆ, ಆ ಆ್ಯಪ್ ಇನ್ನೂ ಉಸಿರಾಡುತ್ತಿತ್ತು. ಉಸ್ತಾದರು "ಒಯ್ಯಿ, ಒಯ್ಯಿ" ಎಂದು ಕೊಟ್ಟು ಕಳಿಸಿದರು.

ಡಬ್ಬಿಯ ಮುಚ್ಚಳ ತೆಗೆದು ಒಳಗೆ ತಂತಿ ಹಚ್ಚಿ ಕೂತ. ಮುಚ್ಚಳ ತೆಗೆದದ್ದೇ ತಡ, ಫೋನಿನ ಮೇಲೆ ಕೆಂಪು ಬಣ್ಣ ಬಂದು "ಮುಚ್ಚಳ ತೆರೆದಿದೆ, ಅನುಮತಿ ಇಲ್ಲ" ಎಂಬ ಇಂಗ್ಲಿಷ್ ಸಾಲು ಕಂಡಿತು. ಏನು ಒತ್ತಿದರೂ ಡಬ್ಬಿಗೆ ಆಜ್ಞೆ ಹೋಗದು. ನೋಡಿದರೆ ಮುಚ್ಚಳದ ಅಂಚಿಗೆ ಒಂದು ಪುಟ್ಟ ಗುಂಡಿ. ಮುಚ್ಚಿದಾಗ ಒತ್ತಿಕೊಳ್ಳುತ್ತದೆ, ತೆರೆದರೆ ಮೇಲೆ ಬರುತ್ತದೆ. ಸಂಘರತ್ನ ಹಲ್ಲು ಕಚ್ಚಿದ. "ಬಂದ್ರಪ್ಪಾ, ಅನುಮತಿ ಕೊಡೋರು" ಎಂದು ಗೊಣಗಿ ಗುಂಡಿಯನ್ನು ಒತ್ತಿ ಹಿಡಿದು ಅದರ ಮೇಲೆ ಕಪ್ಪು ಟೇಪ್ ಸುತ್ತಿದ. ಕೆಂಪು ಹೋಯಿತು, ಕೆಲಸ ಶುರುವಾಯಿತು.

ಹನ್ನೊಂದು ದಿನ ಹಿಡಿಯಿತು. ಡಬ್ಬಿ ಕಳಿಸುತ್ತಿದ್ದುದು ಹನ್ನೆರಡು ಅಂಕಿಯ ಮೆಸೇಜು. ಮೊದಲ ನಾಲ್ಕು ಡಬ್ಬಿಯ ನಂಬರು, ಐದು ಆರು ಕೆಲಸದ ಅಂಕಿ, ಎಂಟನೆಯದು ಕರೆಂಟು ಇದೆಯೋ ಇಲ್ಲವೋ, ಒಂಬತ್ತು ಹತ್ತನೆಯವು ಮೋಟಾರು ಎಳೆಯುವ ಕರೆಂಟು. ಕೊನೆಯ ಎರಡು ಅಂಕಿ ಮಾತ್ರ ಎಂಟು ದಿನ ಸತಾಯಿಸಿದವು. ಒಂಬತ್ತನೆಯ ದಿನ, ಬಸ್ಸಿನಲ್ಲಿ ನಿಂತುಕೊಂಡಿದ್ದಾಗ, ಮೊದಲಿನ ಹತ್ತನ್ನೂ ಕೂಡಿಸಿ ನೋಡಿದ. ಮೊತ್ತ ಸರಿಯಾಗಿ ಅದೇ! ಒಂದನೇ ಕ್ಲಾಸಿನ ಕೂಡುವ ಲೆಕ್ಕ! ಬಸ್ಸಿನಲ್ಲೇ ನಕ್ಕುಬಿಟ್ಟ, ಪಕ್ಕದವಳು ಸರಿದು ನಿಂತಳು.

ಏಳನೆಯ ಅಂಕಿಯ ಬಗ್ಗೆ ತಲೆ ಕೆಡಿಸಿಕೊಳ್ಳುವ ಪ್ರಶ್ನೆಯೇ ಇರಲಿಲ್ಲ. ಟೇಪ್ ತೆಗೆದರೆ ಒಂದು, ಸುತ್ತಿದರೆ ಸೊನ್ನೆ. ಮುಚ್ಚಳದ ಅಂಕಿ ಅದು. ಡಬ್ಬಿ ಬರೀ ಸುದ್ದಿ ಹೇಳುತ್ತದೆ, ಬೇಡವೆನ್ನುವುದು ಫೋನಿನ ಆ್ಯಪ್. "ಮೆಕ್ಯಾನಿಕ್‌ಗೆ ಹಾಕಿದ ಬೀಗ" ಎಂದು ನೋಟ್‌ಬುಕ್ಕಿನಲ್ಲಿ ಬರೆದು ಅದರ ಮೇಲೊಂದು ಗೀಟು ಎಳೆದ. ತಾನು ಮಾಡಿದ ಹೊಸ ಆ್ಯಪಿನಲ್ಲಿ ಆ ಅಂಕಿಯನ್ನು ಓದುವ ಗೋಜಿಗೇ ಹೋಗಲಿಲ್ಲ. ಉಸ್ತಾದರಿಗೆ ಫೋನ್ ಮಾಡಿ "ಕಂಪನಿದು ಮುಚ್ಚಳ ತೆರೆದ್ರ ಮುನಿಸ್ಕೋತಿತ್ತು ಉಸ್ತಾದ್, ನಂದು ಮುನಿಸ್ಕೊಳ್ಳಂಗಿಲ್ಲ" ಎಂದು ಹೇಳಿಕೊಂಡ. ಉಸ್ತಾದರೂ ನಕ್ಕು "ಶಾಬಾಶ್" ಎಂದರು. ಇಬ್ಬರೂ ಒಂದೇ ಕಸುಬಿನವರು. ಹೊಲ ಇಬ್ಬರಿಗೂ ಇರಲಿಲ್ಲ.

ಆ್ಯಪ್ ಅರವತ್ತಕ್ಕೂ ಹೆಚ್ಚು ಫೋನುಗಳಿಗೆ ಹೋಯಿತು. ಸಂಘ್ಯಾ ಹೋಗಿ ಸಂಘರತ್ನ ಆದ, ಕೆಲವರ ಬಾಯಲ್ಲಿ "ಇಂಜಿನಿಯರ್ ಸಾಹೇಬ್ರು" ಕೂಡ. ಬಸವಣಪ್ಪ ತನ್ನ ಪಡಸಾಲೆಯ ಕುರ್ಚಿ ಮುಂದೆ ಸರಿಸಿ "ಕೂಡಪ್ಪ" ಎಂದ ದಿನ ದ್ರೌಪತಿ ಮನೆಗೆ ಬಂದು ಅತ್ತಳು. ಮಗ ಬೈದ: "ಕುರ್ಚಿ ಮ್ಯಾಲ ಕುಂತ್ರ ಅಳೂದೇನವ್ವ?"

ಒಂದು ವರ್ಷ ಯಾವ ತೊಂದರೆಯೂ ಆಗಲಿಲ್ಲ. ಡಬ್ಬಿಯ ಮುಚ್ಚಳ ತೆರೆಯುವ ಪ್ರಸಂಗ ರೈತನಿಗೆ ವರ್ಷಕ್ಕೊಮ್ಮೆ ಬಂದರೆ ಹೆಚ್ಚು.

ಕಳೆದ ಚಳಿಗಾಲದ ಒಂದು ಮುಂಜಾನೆ ಅಣ್ಣತಮ್ಮಂದಿರಿಗೆ ಕಬ್ಬಿನ ನೀರಿನ ಪಾಳಿಯ ಬಗ್ಗೆ ಜಗಳವಾಯಿತು. ಬೋರು ಒಂದೇ, ಹೊಲ ಎರಡು ಪಾಲು. ಜಗಳ ಹೊಸದಲ್ಲ. ಗುರುನಾಥ ಬಿರಬಿರನೆ ಮೋಟಾರ್‌ಸೈಕಲ್ ಹತ್ತಿ ಹುಮನಾಬಾದಿಗೆ ಹೋದ. ಬಸವಣಪ್ಪ ಹೊಲಕ್ಕೆ ಹೋದ. ಮೋಟಾರು ಹಿಂದಿನ ದಿನ ಗುಂಯ್‌ಗುಟ್ಟಿತ್ತು, ತಂತಿಯೇನಾದರೂ ಸಡಿಲಾಗಿದೆಯೇ ನೋಡೋಣವೆಂದು ಡಬ್ಬಿಯ ಮುಚ್ಚಳ ತೆರೆದ. ಮೋಟಾರಿನ ಕಡೆಗೆ ಹೋಗುವ ತಂತಿ ಅದು, ಶುರುವಾಗುವ ತನಕ ಅದರಲ್ಲಿ ಕರೆಂಟು ಇರುವುದಿಲ್ಲ. ಒಂಬತ್ತೂವರೆಗೆ ತ್ರೀ ಫೇಸ್ ಬಂತು. ಸುದ್ದಿ ಗುರುನಾಥನ ಫೋನಿಗೆ ಹೋಯಿತು. ಬೀಜದ ಅಂಗಡಿಯ ಮುಂದೆ ನಿಂತಿದ್ದ ಗುರುನಾಥ ಒತ್ತಿದ. ಬಸವಣಪ್ಪನ ಬಲಗೈ ತಂತಿಯ ಮೇಲಿತ್ತು.

ಎರಡು ಮಾರು ದೂರ ಹೋಗಿ ಬಿದ್ದನಂತೆ. ಮೊದಲು ಓಡಿ ಬಂದವಳು ದ್ರೌಪತಿ. ಜೀವ ಉಳಿಯಿತು. ಬೀದರಿನಲ್ಲಿ ಮೂರು ಬೆರಳು ತೆಗೆದರು, ಉಳಿದೆರಡು ಮಡಚಲು ಬಾರವು. ಸುದ್ದಿ ಕೇಳಿದ ಗುರುನಾಥ ಫೋನನ್ನು ಕಲ್ಲಿಗೆ ಅಪ್ಪಳಿಸಿದ್ದನ್ನು ಬೀಜದ ಅಂಗಡಿಯವರೆಲ್ಲ ನೋಡಿದರು.

ಮೊದಲ ಮೂರು ದಿನ ಸಂಘರತ್ನ ಎಲ್ಲರಂತೆ ಮರುಗಿದ. ಅಪಘಾತ, ಗ್ರಹಚಾರ ಎಂದುಕೊಂಡ. ನಾಲ್ಕನೆಯ ದಿನ ಸಂಜೆ ತಾಯಿ ರೊಟ್ಟಿ ಬಡಿಸುತ್ತ ಅಂದಳು:

"ಗುರುನಾಥ ಸಾವ್ಕಾರ್ರು ಬೇಕಂತ ಮಾಡ್ಯಾರಂತ ಊರೆಲ್ಲಾ ಅನ್ನಾಕತ್ತದ."

"ಯಾಕ ಹಂಗ ಅಂತಾರ? ಅಂವ ಹುಮನಾಬಾದನ್ಯಾಗಿದ್ದ, ಅವನಿಗೇನು ಕಾಣತದ?"

"ಕಾಣಲಾರದ ಏನು? ಮುಚ್ಚಳ ತೆರೆದ್ರ ಫೋನಿನ್ಯಾಗ ಕೆಂಪು ಬರತದಲ್ಲ. ಕೆಂಪು ಬಂದಾಗ ಒತ್ತಿದ್ರೂ ಚಾಲೂ ಆಗಂಗಿಲ್ಲ. ಹೊಲದಾಗ ಕೈ ಹಾಕೋರೆಲ್ಲ ಅದರ ಭರೋಸಾದ ಮ್ಯಾಲೇ ಕೈ ಹಾಕ್ತಾರ. ಮುಚ್ಚಳ ತೆರೆದಿತ್ತು, ನಾನೇ ನೋಡೀನಿ, ಕೇಳ್ದೋರಿಗೆಲ್ಲ ಹೇಳೀನಿ. ಏನೋ ಕಿತಾಪತಿ ಮಾಡೇ ಒತ್ಯಾರ ಅಂತಾರ ಮಂದಿ."

"ಇದು ನಿನಗ ಹ್ಯಾಂಗ ಗೊತ್ತು?"

"ಅಯ್ಯ, ಇದೇನು ಗುಟ್ಟೇನೋ! ಡಬ್ಬಿ ಕುಂಡ್ರಿಸಾಕ ಬಂದ ಕಂಪನಿ ಮನಿಷ್ಯಾ ಎಲ್ಲಾರಿಗೂ ತೋರಿಸಿ ಹೋಗ್ಯಾನ. ಕಳೆ ತೆಗ್ಯೋ ಹೆಣ್ಮಕ್ಕಳಿಗೂ ಗೊತ್ತದ."

ಸಂಘರತ್ನ ಕೈಯ ತುತ್ತನ್ನು ತಟ್ಟೆಗೆ ಹಾಕಿದ. ಗೊತ್ತಿರಲಾರದವನು ಊರಿಗೆಲ್ಲ ಅವನೊಬ್ಬನೇ. ಹನ್ನೆರಡು ಅಂಕಿಯನ್ನೂ ಬಿಡಿಸಿದ ಜಾಣ, ಡಬ್ಬಿಯ ಎದುರು ನಿಲ್ಲುವ ಒಬ್ಬ ರೈತನನ್ನು, ಹೋಗಲಿ, ಮನೆಯಲ್ಲಿದ್ದ ತಾಯಿಯನ್ನು ಒಂದು ಮಾತು ಕೇಳಿರಲಿಲ್ಲ. ಬೀಗ ಅಂದುಕೊಂಡದ್ದು ಬೀಗವಾಗಿರಲಿಲ್ಲ. ತನ್ನಂಥವರನ್ನು ಹೊರಗಿಡಲು ಇಟ್ಟದ್ದೆಂದು ಉರಿದುಬಿದ್ದು ಕಿತ್ತು ಹಾಕಿದ್ದು ಯಾರದೋ ಕೈ ಕಾಯುವ ವಸ್ತುವಾಗಿತ್ತು.

ಮರುದಿನ ಅಂಗಡಿ ತೆರೆಯದೆ ಬಸವಕಲ್ಯಾಣದ ಬಸ್ ಹತ್ತಿದ. ಉಸ್ತಾದರು ಎಲ್ಲವನ್ನೂ ಕೇಳಿದರು, ಕನ್ನಡಕ ತೆಗೆದು ಕಣ್ಣು ಒರೆಸಿಕೊಂಡರು. ತಾವೂ "ಶಾಬಾಶ್" ಅಂದಿದ್ದು ಅವರಿಗೆ ನೆನಪಿತ್ತು.

"ಬೇಟಾ, ಹೋದ ಕೈ ವಾಪಸ್ ಬರಂಗಿಲ್ಲ. ಉಳಿದೋರ ಕೈ ಉಳಿಸು. ಫೋನೆಲ್ಲಾ ಕರೆಸು, ಠೀಕ್ ಮಾಡು. ಬಾಯಿ ಮಾತ್ರ ಬಿಡಬ್ಯಾಡ. ಬಾಯಿ ಬಿಟ್ಟಿ ಅಂದ್ರ ನಿನ್ನ ದುಕಾನ್ ಹೋತು. ನಿನ್ನ ಅವ್ವ ಆ ಊರಾಗ ಇರಬೇಕು, ಖಯಾಲ್ ಇರ್ಲಿ."

"ಮತ್ತ ಗುರುನಾಥಣ್ಣ?"

"ಅವರು ಅಣ್ಣತಮ್ಮರು. ನಾಕ್ ದಿನ ಕಿತ್ತಾಡ್ತಾರ, ಮತ್ತ ಒಂದಾಗ್ತಾರ. ನಿನ್ನನ್ನ ಯಾರು ಕೂಡಸ್ಕೋತಾರ?"

ಹಾಗೇ ಮಾಡಿದ. ಏಳನೆಯ ಅಂಕಿ ಓದುವ ಹಾಗೆ ಆ್ಯಪ್ ತಿದ್ದಿದ. ಒಂದು ವಾರದಲ್ಲಿ ಅರವತ್ತು ಚಿಲ್ಲರೆ ಫೋನುಗಳನ್ನು ಹುಡುಕಿಕೊಂಡು ಹೊಲಹೊಲ ತಿರುಗಿ "ಹೊಸಾ ಆ್ಯಪ್ ಬಂದದ್ರಿ, ಹಾಕಿಕೊಡ್ತೀನಿ" ಎಂದು ಹೇಳಿ ಹಾಕಿಕೊಟ್ಟ. ಜನ ಮೆಚ್ಚಿದರು. ಇಂಥ ಕಾಳಜಿ ಯಾರು ಮಾಡುತ್ತಾರೆ ಎಂದರು. ಅವನು ಅವರ ಚಹಾವನ್ನು ಅರ್ಧಕ್ಕೇ ಬಿಟ್ಟು ಏಳುತ್ತಿದ್ದ. ಇನ್ನು ಯಾರ ಕೈಯೂ ಸುಡುವುದಿಲ್ಲ ಎಂದು ಸಮಾಧಾನ ಹೇಳಿಕೊಂಡರೆ, ಮಗ್ಗುಲಲ್ಲೇ ಇನ್ನೊಂದು ಮಾತು ಏಳುತ್ತಿತ್ತು. ಆ್ಯಪ್ ತಿದ್ದಿದೆ, ಗುರುನಾಥನ ಹೆಸರಿಗೆ ಹತ್ತಿದ ಮಸಿಯನ್ನು ತಿದ್ದುವವರು ಯಾರು?

ಹದಿಮೂರನೆಯ ದಿನ ಬಸವಣಪ್ಪನ ಹೆಂಡತಿ ಸೂಗಮ್ಮ ಅಂಗಡಿಗೇ ಬಂದಳು. ಆಸ್ಪತ್ರೆಯಿಂದ ನೇರ ಬಂದಿದ್ದಳು, ಕಣ್ಣು ಒಳಗೆ ಹೋಗಿದ್ದವು.

"ತಮ್ಮಾ, ಒಂದ ಮಾತು ಖರೇ ಹೇಳು. ಕೆಂಪು ಬರಲೇ ಇಲ್ಲ ಅಂತ ನಮ್ಮ ಮೈದುನ ಆಣಿ ಮಾಡಾಕತ್ತಾನ. ನಿನ್ನ ಆ್ಯಪಿನ್ಯಾಗ ಕೆಂಪು ಬರತದೋ ಇಲ್ಲೋ?"

ಆಗಲೇ ಹೇಳಿಬಿಡಬಹುದಿತ್ತು. ಹೇಳಬೇಕೆಂದು ಬಾಯಿ ತೆರೆದ ಕೂಡ. ತೆರೆದ ಬಾಯಿಂದ "ಬರತದ ಕಾಕು" ಎಂದು ಬಂತು. ಸುಳ್ಳಲ್ಲ ನೋಡಿ, ಒಂದು ವಾರದಿಂದ ಬರುತ್ತಿತ್ತಲ್ಲ! ಇಂಥ ನಿಜಕ್ಕೆ ಏನೆನ್ನಬೇಕೋ. ಅಷ್ಟಕ್ಕೇ ನಿಲ್ಲಲಿಲ್ಲ ಆಸಾಮಿ. ಮೇಜಿನ ಮೇಲಿದ್ದ ಡಬ್ಬಿಯ ಮುಚ್ಚಳ ತೆಗೆದು ತೋರಿಸಿದ. ಫೋನು ಕೆಂಪಾಯಿತು. ಸೂಗಮ್ಮ ಆ ಕೆಂಪನ್ನೇ ನೋಡುತ್ತ ನಿಂತಳು, ಸೆರಗು ಬಾಯಿಗೆ ಒತ್ತಿಕೊಂಡು ಹೋದಳು. ಮರುದಿನ ಠಾಣೆಯಲ್ಲಿ ಮೈದುನನ ಮೇಲೆ ದೂರು ಬಿತ್ತು.

ಆಮೇಲಿನ ದಿನಗಳನ್ನು ಸಂಘರತ್ನ ಹೇಗೆ ಕಳೆದನೋ. ಫೋನು ಬಿಚ್ಚಿದರೆ ಜೋಡಿಸುವುದು ಮರೆಯುತ್ತಿದ್ದ. ಊರಲ್ಲಿ ಗುರುನಾಥನನ್ನು ಚಹಾದ ಅಂಗಡಿಯಲ್ಲಿ ಯಾರೂ ಮಾತಾಡಿಸುತ್ತಿರಲಿಲ್ಲ. ಠಾಣೆಗೆ ಮೂರು ಸಲ ಕರೆದು ಕೂಡಿಸಿಕೊಂಡಿದ್ದರು. ಒಂದೇ ಮನೆಯ ನಡುವೆ ಎಂದೋ ಎದ್ದ ಗೋಡೆ, ಈಚೆಗೆ ಅಣ್ಣ, ಆಚೆಗೆ ತಮ್ಮ. ಈಚೆಯ ಮಕ್ಕಳಿಗೆ ಆಚೆ ಹೋಗಬೇಡಿ ಎಂದು ಹೇಳಿಯಾಗಿತ್ತು. ದ್ರೌಪತಿ ಇದನ್ನೆಲ್ಲ ದಿನವೂ ಬಂದು ಹೇಳುತ್ತಿದ್ದಳು. ಮಗ ಯಾಕೆ ತಟ್ಟೆ ಬಿಟ್ಟು ಏಳುತ್ತಾನೆ ಎಂದು ಪಾಪ ಅವಳಿಗೆ ಗೊತ್ತಾಗುತ್ತಿರಲಿಲ್ಲ.

ನಲವತ್ತು ದಿನಗಳಾಗುತ್ತ ಬಂದಾಗ ಒಂದು ಮಧ್ಯಾಹ್ನ ಗುರುನಾಥನೇ ಅಂಗಡಿಯ ಬಾಗಿಲಲ್ಲಿ ನಿಂತ. ಗಡ್ಡ ಬಿಟ್ಟಿದ್ದ, ಅಂಗಿ ಅವನದಲ್ಲವೇನೋ ಅನ್ನುವಷ್ಟು ಸಡಿಲಾಗಿತ್ತು. ಕರವಸ್ತ್ರ ಬಿಚ್ಚಿ ಒಡೆದ ಫೋನನ್ನು ಮೇಜಿನ ಮೇಲಿಟ್ಟ.

"ಇದರಾಗ ಅವತ್ತಿಂದು ಏನರ ಉಳಿದದೇನು, ತೆಗದು ನೋಡ್ತಿ?"

"ಏನು ನೋಡ್ಬೇಕಣ್ಣ?"

"ಕೆಂಪು ಬಂದಿತ್ತೋ ಇಲ್ಲೋ ಅಂತ." ಗುರುನಾಥ ಸ್ಟೂಲಿನ ಮೇಲೆ ಕುಸಿದ. "ಮೊದಲ ಮೊದಲ ನನಗ ಖಾತ್ರಿ ಇತ್ತು, ಬಂದಿಲ್ಲ ಅಂತ. ಎಲ್ಲಾರೂ ಬಂದಿತ್ತು ಬಂದಿತ್ತು ಅಂತಾರ. ಈಗ ಕಣ್ಣು ಮುಚ್ಚಿದ್ರ ನನಗೂ ಕೆಂಪೇ ಕಾಣಾಕತ್ತದ. ಅವತ್ತು ಮುಂಜಾನಿ ಅಣ್ಣನ ಮ್ಯಾಲ ಭಾಳ ಸಿಟ್ಟಿದ್ದೆ ಸಂಘರತ್ನ. ಮನಸಿನ್ಯಾಗ ಏನಿತ್ತೋ ಏನೋ. ಕೆಂಪು ಕಂಡೂ ನಾನೇ ಒತ್ತೀನೇನು? ಅದೊಂದು ಗೊತ್ತಾಗ್ಲಿ. ಒತ್ತಿದ್ರ ಹೋಗಿ ಒಪ್ಪಿಕೋತೀನಿ. ಹಿಂಗ ಗೊತ್ತಿಲ್ದ ಇರಾಕ ಆಗವಲ್ದು."

ಸಂಘರತ್ನನ ಕೈ ಆ ಫೋನಿನ ಮೇಲೆ ಇತ್ತು. ಅದನ್ನು ಬಿಚ್ಚುವ ಅಗತ್ಯವೇ ಇರಲಿಲ್ಲ. ಇಷ್ಟು ದಿನ ಅವನು ಹೆದರಿದ್ದು ಅಂಗಡಿಗೆ, ಹೊಡೆತಕ್ಕೆ, ತಾಯಿಯ ಕೂಲಿಗೆ. ಒಬ್ಬ ಮನುಷ್ಯ ತನ್ನ ಕಣ್ಣನ್ನೇ ನಂಬದ ಹಾಗೆ ಆಗಿಹೋಗಿದ್ದಾನೆಂಬುದು ಅವನ ಲೆಕ್ಕದಲ್ಲೇ ಬಂದಿರಲಿಲ್ಲ.

"ಬಂದಿರಲಿಲ್ಲಣ್ಣ."

"ಏನು?"

"ಕೆಂಪು ಬಂದಿರಲಿಲ್ಲ. ಬರೂ ಹಂಗೇ ಇರಲಿಲ್ಲ. ನನ್ನ ಆ್ಯಪಿನ್ಯಾಗ ನಾನು ಅದನ್ನ ಹಾಕಿರಲೇ ಇಲ್ಲ. ಮೆಕ್ಯಾನಿಕ್‌ಗೆ ಮಾಡಿದ ಬೀಗ ಅಂತ ತಿಳಿದು ಬಿಟ್ಟಿದ್ದೆ. ತಪ್ಪು ನಂದು."

ಹೊಡೆಯುತ್ತಾನೆಂದು ಸಂಘರತ್ನ ಕಾದ. ಗುರುನಾಥ ಹೊಡೆಯಲಿಲ್ಲ. ಮೇಜಿನ ಮೇಲೆ ಎರಡೂ ಕೈ ಊರಿ, "ಇನ್ನೊಮ್ಮಿ ಹೇಳು" ಎಂದ. ಸಂಘರತ್ನ ಹೇಳಿದ. "ಇನ್ನೊಮ್ಮಿ" ಎಂದ. ಮತ್ತೆ ಹೇಳಿದ. ಮೂರನೆಯ ಸಲ ಹೇಳುವಾಗ ಗುರುನಾಥ ಅಳುತ್ತಿದ್ದ, ದೊಡ್ಡ ದನಿ ತೆಗೆದು, ಪಕ್ಕದ ಅಂಗಡಿಯವರು ಇಣುಕಿ ನೋಡುವಷ್ಟು.

"ನಡಿ" ಎಂದ ಕೊನೆಗೆ ಮುಖ ಒರೆಸಿಕೊಂಡು. "ಇದನ್ನ ಅಣ್ಣನ ಮುಂದ ಹೇಳು."

ದುಬಲಗುಂಡಿಯ ಬಸ್ಸಿನಲ್ಲಿ ಗುರುನಾಥನೇ ಇಬ್ಬರ ಟಿಕೆಟ್ ತೆಗೆಸಿದ. ದಾರಿಯುದ್ದಕ್ಕೂ ಅವನ ಕೈ ಸಂಘರತ್ನನ ಹೆಗಲ ಮೇಲಿತ್ತು. ನಿನಗ ಗೊತ್ತಿರಲಿಲ್ಲ, ನೀನೇನು ಮಾಡ್ತಿ, ಮನಿಷ್ಯಾ ಅಂದ ಮ್ಯಾಲ ತಪ್ಪು ಆಗತದ ಎಂದು ಅವನೇ ಸಮಾಧಾನ ಹೇಳುತ್ತಿದ್ದ. ಆ ಕೈಯ ಭಾರ ತಡೆಯದಾಗಿತ್ತು. ಯಾವಾಗ ಗೊತ್ತಾಯಿತು ಎಂದು ಗುರುನಾಥ ಕೇಳಲಿಲ್ಲ, ಸಂಘರತ್ನ ಹೇಳಲಿಲ್ಲ.

ಬಸವಣಪ್ಪ ಪಡಸಾಲೆಯ ಮಂಚದ ಮೇಲೆ ಗೋಡೆಗೆ ಒರಗಿ ಕೂತಿದ್ದ, ಬಲಗೈ ಬಿಳಿ ಬಟ್ಟೆಯಲ್ಲಿ ಸುತ್ತಿತ್ತು. ಮೈದುನ ಅಂಗಳಕ್ಕೆ ಕಾಲಿಟ್ಟದ್ದನ್ನು ನೋಡಿ ಸೂಗಮ್ಮ ಎದ್ದು ನಿಂತಳು. ಸಂಘರತ್ನ ಚಪ್ಪಲಿಯನ್ನೂ ಬಿಡದೆ ಅಂಗಳದಲ್ಲೇ ನಿಂತು, ಒಂದೇ ಉಸಿರಿಗೆ, ಗುಂಡಿ, ಟೇಪು, ಏಳನೆಯ ಅಂಕಿ, ಎಲ್ಲವನ್ನೂ ಹೇಳಿದ. ಗುರುನಾಥ ಪ್ರತಿ ಮಾತಿಗೂ ಅಣ್ಣನ ಮುಖ ನೋಡುತ್ತಿದ್ದ.

ಮೊದಲು ಮಾತಾಡಿದವಳು ಸೂಗಮ್ಮ. "ಮತ್ತ ನಾ ನಿನ್ನ ಅಂಗಡಿಗೆ ಬಂದಾಗ? ನೀನೇ ಮುಚ್ಚಳ ತೆಗೆದು ತೋರಿಸಿದಿ. ಕೆಂಪು ಬಂತಲ್ಲೋ?"

"ಅದರ ಹಿಂದಿನ ವಾರ ಹಾಕಿದ್ದೆ ಕಾಕು."

"ಅಂದ್ರ ಅವತ್ತು ನಿನಗ ಗೊತ್ತಿತ್ತು."

"ಗೊತ್ತಿತ್ತು."

"ಗೊತ್ತಿದ್ದು ನನ್ನ ಕೈಲೇ ಇವನ ಮ್ಯಾಲ ಕೇಸ್ ಹಾಕ್ಸಿದಿ! ನಿನ್ನ ಮನಿ ಹಾಳಾಗ! ಕುರ್ಚಿ ಹಾಕಿ ಕೂಡಿಸಿದ್ದೆವಲ್ಲೋ ನಿನಗ!" ಅವಳ ದನಿಗೆ ಓಣಿಯವರು ಬಾಗಿಲಿಗೆ ಬಂದರು. ಗುರುನಾಥನ ಕೈ ಸಂಘರತ್ನನ ಹೆಗಲಿಂದ ಇಳಿಯಿತು. ಅವನು ಒಂದು ಹೆಜ್ಜೆ ಸರಿದು ನಿಂತು, ಇವನನ್ನು ಈಗಷ್ಟೇ ಮೊದಲ ಸಲ ನೋಡುತ್ತಿರುವವನಂತೆ ನೋಡಿದ.

"ಸೂಗಮ್ಮ, ಸಾಕು" ಎಂದ ಬಸವಣಪ್ಪ. "ಅವನೊಬ್ಬನಿಗೇ ಬೈಬ್ಯಾಡ. ನನಗೂ ಗೊತ್ತಿತ್ತು."

"ನಿಮಗೇನು ಗೊತ್ತಿತ್ರಿ? ಈ ಆ್ಯಪಿನ ಸುದ್ದಿ?"

"ಆ್ಯಪಿಂದಲ್ಲ, ಗುರುಂದು." ಬಸವಣಪ್ಪ ಬಿಳಿ ಬಟ್ಟೆಯನ್ನು ಎಡಗೈಯಿಂದ ಹಿಡಿದುಕೊಂಡ. "ಅಂವ ಬೇಕಂತ ಮಾಡ್ಯಾನ ಅಂತ ನನಗ ಒಂದ ದಿನಾನೂ ಅನಸಿಲ್ಲ. ಎತ್ತಿ ಆಡಿಸಿದ ತಮ್ಮ, ಅಂಥಾಂವ ಅಲ್ಲ ಅಂತ ಗೊತ್ತಿತ್ತು. ದವಾಖಾನ್ಯಾಗ ಮಂದಿ ಬಂದು ಬಂದು ಅನ್ನಾಕತ್ತಿದ್ರು. ಅಲ್ಲ ಅನ್ಬೇಕಿತ್ತು. ಕೈ ಉರಿಯಾಕತ್ತಿತ್ತು, ಯಾರ ಮ್ಯಾಲಾದ್ರೂ ಹಾಕಬೇಕಾಗಿತ್ತು. ಸುಮ್ನಿದ್ದುಬಿಟ್ಟೆ."

ಗುರುನಾಥ ಅಣ್ಣನ ಕೈಯನ್ನು ನೋಡಿದ, ಮುಖವನ್ನು ನೋಡಿದ.

"ನಲವತ್ತು ದಿನ, ಅಣ್ಣಾ?"

ಬಸವಣಪ್ಪ ಮುಖವನ್ನು ಗೋಡೆಯ ಕಡೆ ತಿರುಗಿಸಿದ.

"ನನಗ ನನ್ನ ಮ್ಯಾಲೇ ನಂಬಿಕಿ ಹೋಗಿತ್ತು. ನಿನ್ನ ಕೊಲ್ಲಾಕ ಹೋದ ಪಾಪಿ ನಾನೇ ಇರಬೇಕು ಅಂತ ಒಪ್ಪಿಕೊಳ್ಳಾಕ ಹೊಂಟಿದ್ದೆ ಇವತ್ತು." ಅವನ ದನಿ ಏರಲಿಲ್ಲ. "ಕೈ ಹೋಗಿದ್ದು ಗೊತ್ತಿಲ್ದ ಆದದ್ದು, ಅದಕ್ಕ ನಾ ಯಾರಿಗೂ ಏನೂ ಅನ್ನಂಗಿಲ್ಲ. ಆದ್ರ ನೀವಿಬ್ರೂ ಗೊತ್ತಿದ್ದು ಕುಂತ್ರಿ."

ಅಷ್ಟು ಹೇಳಿ ಗುರುನಾಥ ಅಂಗಳ ದಾಟಿದ. ಗೋಡೆಯಾಚೆಯ ತನ್ನ ಮನೆಗೆ ಹೋಗಲಿಲ್ಲ, ನೆರೆದವರ ನಡುವೆ ದಾರಿ ಮಾಡಿಕೊಂಡು ಬಸ್ ನಿಲ್ಲುವ ಕಡೆಗೆ ನಡೆದ. ಕರೆಯಬೇಕೆಂದು ಮಂಚದ ಮೇಲಿನವನೂ ಬಾಯಿ ತೆರೆದ, ಅಂಗಳದಲ್ಲಿದ್ದವನೂ ತೆರೆದ. ಕರೆಯುವ ಮುಖ ಇಬ್ಬರಿಗೂ ಇರಲಿಲ್ಲ.